ಕ್ರಿಯಾಪದದ ಮಗ್ಗುಲಲ್ಲಿ

ಸಿಂಧನೂರಿನಿಂದ ಮಾನ್ವಿಯ ಕಡೆಗೆ ಹೊರಟ ಬಸ್ಸು ಜವಳಗೇರಾದಲ್ಲಿ ನಿಂತಾಗ ಹತ್ತುವವರ, ಇಳಿಯುವವರ ಮಾತು ಒಂದೇ ಇರುವುದಿಲ್ಲ. ಊರಿನ ಮಾತು ಕನ್ನಡ, ಅದೂ ರಾಯಚೂರು ಸೀಮೆಯ ಕನ್ನಡ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಈ ಎರೆಹೊಲಗಳಿಗೆ ಹರಿದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲ್ಲು ಹಚ್ಚಿದವರ ಕ್ಯಾಂಪುಗಳಲ್ಲಿ ತೆಲುಗು. ನಿಜಾಮರಿಗಿಂತ ಹಿಂದಿನಿಂದಲೂ ಬೇರುಬಿಟ್ಟಿರುವ ದಖನಿ ಉರ್ದು ಇದೆ. ಮಸ್ಕಿ, ಲಿಂಗಸುಗೂರು ಕಡೆಯ ತಾಂಡಾಗಳ ಲಂಬಾಣಿ ಇದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಸುತ್ತ ನೆಲೆ ನಿಂತವರ ಬಂಗಾಳಿಯೂ ಇದೆ. ಕನ್ನಡ, ತೆಲುಗು ಒಂದು ಬಳಗದವು. ಉಳಿದ ಮೂರಕ್ಕೆ ಅವುಗಳೊಡನೆ ರಕ್ತಸಂಬಂಧವಿಲ್ಲ. ಆದರೂ ಈ ಐದೂ ಭಾಷೆಗಳು ಒಂದು ವಿಷಯದಲ್ಲಿ ಮಾತಾಡಿಕೊಂಡಂತೆ ನಡೆಯುತ್ತವೆ: ಕ್ರಿಯಾಪದವನ್ನು ಕೊನೆಯವರೆಗೂ ಕೈಬಿಡುವುದಿಲ್ಲ.

‘ಅವ್ವ ಸಂತಿಗೆ ಹೋಗ್ಯಾಳ.’ ‘ಅಮ್ಮ ಸಂತಕು ವೆಳ್ಳಿಂದಿ.’ ‘ಅಮ್ಮಾ ಬಜಾರ್ ಕೂ ಗಯೀ.’ ‘ಮಾ ಹಾಟೆ ಗೇಛೆ.’ ಅವ್ವ ಮೊದಲು, ಸಂತೆ ನಡುವೆ, ಹೋಗುವುದು ಕಡೆಗೆ. ಹೋದಳೋ, ಹೋಗುತ್ತಾಳೋ, ಹೋಗಲೇ ಇಲ್ಲವೋ ಎಂಬುದು ಕೊನೆಯ ಉಸಿರಿನವರೆಗೂ ಗೊತ್ತಾಗುವುದಿಲ್ಲ. ಅರ್ಧ ವಾಕ್ಯದಲ್ಲಿ ಎದ್ದುಹೋದವನಿಗೆ ನಮ್ಮ ಸೀಮೆಯಲ್ಲಿ ಏನೂ ತಿಳಿಯದು. ನಿಜಾಮರ ಕಾಲದಲ್ಲಿ ಇಲ್ಲಿನ ಶಾಲೆಗಳಲ್ಲಿ ಉರ್ದು ಓದಿದವರು ಬಲದಿಂದ ಎಡಕ್ಕೆ ಬರೆದರು, ಮನೆಗೆ ಬಂದು ಎಡದಿಂದ ಬಲಕ್ಕೆ ಸಾಗುವ ಕನ್ನಡ ಅಕ್ಷರ ನೋಡಿದರು. ಲೇಖನಿ ಯಾವ ದಿಕ್ಕಿಗೆ ಸರಿದರೂ ಕ್ರಿಯಾಪದ ಮಾತ್ರ ಹಿಂದೆಯೇ ಉಳಿಯಿತು.

ಇಂಥ ಒಡನಾಟ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದನ್ನು ನೋಡಬೇಕಾದರೆ ಗಡಿ ದಾಟಿ ಸಾಂಗಲಿ ಜಿಲ್ಲೆಯ ಕುಪವಾಡಕ್ಕೆ ಹೋಗಬೇಕು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಆ ಊರಿನ ಬಗ್ಗೆ 1971ರಲ್ಲಿ ಬರೆದ ಲೇಖನ ಭಾಷಾವಿಜ್ಞಾನ ಓದುವವರಿಗೆಲ್ಲ ಪರಿಚಿತ. ಅಲ್ಲಿ ಜೈನರು, ಲಿಂಗಾಯತರು ಕನ್ನಡ ಆಡುತ್ತಿದ್ದರು, ಮುಸಲ್ಮಾನರು ಉರ್ದು, ಇನ್ನು ಕೆಲವರು ಮರಾಠಿ. ಮನೆಯೊಳಗೆ ಅವರವರ ಮಾತು, ಹೊರಗೆ ಎಲ್ಲರದೂ ಎಲ್ಲ ಮಾತು. ಶತಮಾನಗಳು ಹೀಗೆ ಕಳೆದ ಮೇಲೆ ಒಂದು ಭಾಷೆಯ ವಾಕ್ಯವನ್ನು ಇನ್ನೊಂದಕ್ಕೆ ತರಲು ಪದದ ಜಾಗದಲ್ಲಿ ಪದ ಇಟ್ಟುಕೊಂಡು ಹೋದರೆ ಸಾಕು ಎಂಬ ಸ್ಥಿತಿ ಬಂದಿತ್ತು. ಪದಗಳು ಬೇರೆ ಬೇರೆ, ವಾಕ್ಯದ ಎಲುಬು ಒಂದೇ. ಮನೆತನದ ಗುರುತಿಗೆಂದು ಪದಗಳನ್ನು ಉಳಿಸಿಕೊಂಡು ವ್ಯಾಕರಣವನ್ನು ಮಾತ್ರ ಹಂಚಿಕೊಂಡ ಆ ಜನರ ಜಾಣತನಕ್ಕೆ ನಾನು ಬೆರಗಾಗುತ್ತೇನೆ. ಅವರಲ್ಲಿ ಯಾರೂ ಕೂತು ಇದನ್ನು ತೀರ್ಮಾನಿಸಿದ್ದಲ್ಲ.

ಇಂಥ ನಾಡಿಗೆ ಇಂಗ್ಲಿಷ್ ಬಂತು. 2007ರಿಂದ ನಮ್ಮ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಅದು ಇದೆ. ಐದು ಭಾಷೆ ಕೇಳಿ ಬೆಳೆದ ಮಗುವಿಗೆ ಆರನೆಯದು ಹೆಚ್ಚಾಗಬಾರದು. ಆದರೆ ಆ ಐದೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಇದು ಎದುರು ದಿಕ್ಕಿನಿಂದ ಬಂದದ್ದು.

ಒಂದು ಸಾಮಾನ್ಯ ಮಾತು ತಗೊಳ್ಳೋಣ. ‘ಅವನು ನಿನ್ನೆ ಕಾಲುವೆ ಪಕ್ಕದಲ್ಲಿ ಮೆಲ್ಲಗೆ ನಡೆದ.’ ಇದನ್ನೇ ಇಂಗ್ಲಿಷಿನವರು ‘ಹಿ ವಾಕ್ಡ್ ಸ್ಲೋಲಿ ಬೈ ದ ಕೆನಾಲ್ ಯೆಸ್ಟರ್ಡೇ’ ಎನ್ನುತ್ತಾರೆ. ಈಗ ಆ ಇಂಗ್ಲಿಷನ್ನು ಪದಕ್ಕೆ ಪದವಾಗಿ ಕನ್ನಡದಲ್ಲಿ ಇಟ್ಟು ನೋಡಿ: ಅವನು, ನಡೆದ, ಮೆಲ್ಲಗೆ, ಪಕ್ಕದಲ್ಲಿ, ಕಾಲುವೆ, ನಿನ್ನೆ. ‘ಅವನು’ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ವಾಕ್ಯದ ತದ್ವಿರುದ್ಧ. ಕೊನೆಯಿಂದ ಮೊದಲಿಗೆ ಎಣಿಸಿದ ಹಾಗೆ. ಪಕ್ಕ ಮತ್ತು ಕಾಲುವೆ ಕೂಡ ತಮ್ಮೊಳಗೇ ಜಾಗ ಅದಲುಬದಲು ಮಾಡಿಕೊಂಡಿವೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಯಾವ ಮಾತುಕತೆಯೂ ಇಲ್ಲದೆ ಹೀಗೆ ಕನ್ನಡಿಯಲ್ಲಿ ಮುಖ ನೋಡಿಕೊಂಡಂತೆ ಇರುವುದೆಂದರೇನು?

ಈ ಹಿಂದುಮುಂದಿನಲ್ಲಿ ಬದಲಾಗದೆ ಉಳಿದದ್ದೊಂದಿದೆ, ನನ್ನನ್ನು ಹಿಡಿದು ನಿಲ್ಲಿಸುವುದು ಅದೇ. ಎರಡೂ ಕಡೆ ‘ಮೆಲ್ಲಗೆ’ ಕ್ರಿಯಾಪದದ ಮಗ್ಗುಲಲ್ಲೇ ಇದೆ. ಅದರಾಚೆ ‘ಕಾಲುವೆ ಪಕ್ಕ’. ಎಲ್ಲಕ್ಕಿಂತ ದೂರದಲ್ಲಿ ‘ನಿನ್ನೆ’. ಹೇಗೆ ಎನ್ನುವುದು ಒಳಗೆ, ಎಲ್ಲಿ ಎನ್ನುವುದು ನಡುವೆ, ಯಾವಾಗ ಎನ್ನುವುದು ಹೊರಗೆ. ದಿಕ್ಕು ತಿರುಗಿತು, ಅಂತರ ಕೆಡಲಿಲ್ಲ. ಯೋಚಿಸಿದರೆ ಅದರಲ್ಲಿ ನ್ಯಾಯವೂ ಕಾಣುತ್ತದೆ. ಮೆಲ್ಲಗೆ ಎಂಬುದು ನಡಿಗೆಯ ಒಳಗೇ ಇದೆ, ಅದನ್ನು ಕಿತ್ತರೆ ಬೇರೆ ನಡಿಗೆಯೇ ಆಗುತ್ತದೆ. ಕಾಲುವೆ ನಡಿಗೆಗೆ ಕಾಲ್ಕೆಳಗಿನ ನೆಲ. ನಿನ್ನೆ ಎಂಬುದಾದರೋ ನಡಿಗೆ, ನೆಲ ಎರಡನ್ನೂ ಒಟ್ಟಿಗೆ ಹೊದ್ದ ಹೊದಿಕೆ. ಒತ್ತಿ ಹೇಳಬೇಕಾದಾಗ ಎರಡು ಭಾಷೆಯವರೂ ಈ ಸಾಲನ್ನು ಅಲುಗಾಡಿಸುತ್ತಾರೆ, ನಿಜ. ಸುಮ್ಮನೆ ಹೇಳುವಾಗ ಹೀಗೇ ಹೇಳುತ್ತಾರೆ.

‘ಮೆಲ್ಲಗೆ’ಯಂಥ ಪದಗಳಿಗೆ ಕ್ರಿಯಾವಿಶೇಷಣ ಎಂಬ ಹೆಸರು ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠವಾದದ್ದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ ಎಲ್ಲ ಮುಗಿಸಿದ ಮೇಲೆ ಕೊನೆಯ ಕಡೆಗೆ ಅವು ಸೇರುವ ಅವ್ಯಯಕ್ಕೆ ಬರುತ್ತಾನೆ. ವ್ಯಾಕರಣದಲ್ಲಿ ಅದಕ್ಕೆ ಹಿಂದಿನ ಬೆಂಚು. ಬಾಯಿಮಾತಿನಲ್ಲಿ ಹಾಗಿಲ್ಲ. ‘ಯವ್ವಾ, ಲಗೂನ ಇಳೀರಿ’ ಎಂದು ಕಂಡಕ್ಟರ್ ಕೂಗಿದಾಗ ಆ ‘ಲಗೂನ’ ಇಲ್ಲದೆ ಬಸ್ಸೇ ಮುಂದೆ ಹೋಗದು. ಮಳೆಯನ್ನೇ ನೋಡಿ. ನಮಗೆ ಹೆಚ್ಚಿನ ಮಟ್ಟಿಗೆ ಕ್ರಿಯಾಪದ ಒಂದೆರಡು: ಮಳೆ ಬರುತ್ತದೆ, ಮಳೆ ಸುರಿಯುತ್ತದೆ. ಜಿಟಿಜಿಟಿ ಬರುತ್ತದೆ, ಧೋ ಎಂದು ಸುರಿಯುತ್ತದೆ, ಟಪಟಪ ಬೀಳುತ್ತದೆ. ಮಳೆಯ ಬಗೆಯೆಲ್ಲ ಕ್ರಿಯಾಪದದ ಹೊರಗೆ, ಅದರ ಮಗ್ಗುಲಿನ ಸದ್ದಿನಲ್ಲಿದೆ. ಇಂಗ್ಲಿಷಿನವರು ಆ ಸದ್ದನ್ನು ಕ್ರಿಯಾಪದದೊಳಗೇ ನುಂಗಿಸಿಬಿಟ್ಟಿದ್ದಾರೆ. ಡ್ರಿಝಲ್, ಪೋರ್, ಪ್ಯಾಟರ್: ಪ್ರತಿ ಮಳೆಗೂ ಬೇರೆ ಕ್ರಿಯಾಪದ.

ಲಿಯೊನಾರ್ಡ್ ಟ್ಯಾಲ್ಮಿ ಎಂಬ ಭಾಷಾವಿಜ್ಞಾನಿ ಲೋಕದ ಭಾಷೆಗಳನ್ನು ಇದೇ ಒರೆಗೆ ಹಚ್ಚಿದ. ಚಲನೆಯ ರೀತಿ ಎಲ್ಲಿದೆ, ಹಾದಿ ಎಲ್ಲಿದೆ? ‘ಹಿ ರ‍್ಯಾನ್ ಇನ್’ ಎಂದರೆ ರೀತಿ ಕ್ರಿಯಾಪದದಲ್ಲಿ ಇದೆ, ಹಾದಿ ‘ಇನ್’ ಎಂಬ ಚೂರಿನಲ್ಲಿ. ಕನ್ನಡದಲ್ಲಿ ‘ಓಡಿ ಒಳಗೆ ಬಂದ’. ವಾಕ್ಯವನ್ನು ಹೊತ್ತು ನಿಲ್ಲುವುದು ‘ಬಂದ’. ಓಟ ಅದಕ್ಕೆ ಊರುಗೋಲು. ಅಲ್ಲಿಗೂ ಮುಗಿಯಲಿಲ್ಲ. ಇಂಗ್ಲಿಷಿನವರು ಕ್ರಿಯಾವಿಶೇಷಣಕ್ಕೆ ವಹಿಸುವ ಕೆಲಸವನ್ನು ನಾವು ಎಷ್ಟೋ ಸಲ ಇನ್ನೊಂದು ಕ್ರಿಯಾಪದಕ್ಕೇ ವಹಿಸುತ್ತೇವೆ. ‘ಹೇಳಿದ’ ಎಂದರೆ ಹೇಳಿದ, ಅಷ್ಟೆ. ‘ಹೇಳಿಬಿಟ್ಟ’ ಎಂದರೆ ಹೇಳಬಾರದಿತ್ತು, ತಡೆಯಲಾಗಲಿಲ್ಲ, ಇನ್ನು ಹಿಂತಿರುಗಿ ಬರುವುದಿಲ್ಲ, ಎಲ್ಲ ಬಂತು. ಬಿಡು ಎಂಬ ಎರಡಕ್ಷರ ಅಷ್ಟನ್ನೂ ಹೊರುತ್ತದೆ. ಇದನ್ನು ಇಂಗ್ಲಿಷಿಗೆ ತರಲು ಹೊರಟವರು ಕೈಗೆ ಸಿಕ್ಕ ಕ್ರಿಯಾವಿಶೇಷಣವನ್ನೆಲ್ಲ ಹಾಕಿ ನೋಡುತ್ತಾರೆ, ಯಾವುದೂ ಸರಿಯಾಗಿ ಕೂರುವುದಿಲ್ಲ.

ಇಂಗ್ಲಿಷಿನ ಕ್ರಿಯಾವಿಶೇಷಣಕ್ಕೂ ಒಂದು ವಿಚಿತ್ರ ಶಿಸ್ತಿದೆ. ‘ಸ್ಲೋಲಿ ಹಿ ಓಪನ್ಡ್ ದ ಡೋರ್’ ಸರಿ. ‘ಹಿ ಸ್ಲೋಲಿ ಓಪನ್ಡ್ ದ ಡೋರ್’ ಸರಿ. ಅದನ್ನು ಕೊನೆಗೆ ಹಾಕಿದರೂ ಸರಿ. ತೆಗೆಯುವುದಕ್ಕೂ ಬಾಗಿಲಿಗೂ ನಡುವೆ ಮಾತ್ರ ಅದು ಕಾಲಿಡುವ ಹಾಗಿಲ್ಲ. ಕನ್ನಡ ಇಷ್ಟು ಕಟ್ಟುನಿಟ್ಟಲ್ಲ: ‘ಮೆಲ್ಲಗೆ ಬಾಗಿಲು ತೆಗೆದ’, ‘ಬಾಗಿಲು ಮೆಲ್ಲಗೆ ತೆಗೆದ’, ಎರಡೂ ನಡೆಯುತ್ತವೆ. ಇಂಗ್ಲಿಷಿನಲ್ಲಿ ಕರ್ಮವೆನ್ನುವುದು ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು, ಏಕೆಂದರೆ ಅದು ಕರ್ಮ ಎಂಬುದಕ್ಕೆ ಬೇರೆ ಗುರುತಿಲ್ಲ. ನಮ್ಮಲ್ಲಿ ‘ಅನ್ನು’ ಇದೆ. ತಮಾಷೆಯೆಂದರೆ ಆ ಬಾಗಿಲು ತೀರ ಉದ್ದವಾದರೆ, ಅಂದರೆ ‘ಅಜ್ಜ ಸತ್ತ ದಿನದಿಂದ ಯಾರೂ ಮುಟ್ಟದ ಬಾಗಿಲು’ ಎಂಬಷ್ಟಾದರೆ, ಅದೇ ಇಂಗ್ಲಿಷ್ ಸಡಿಲಗೊಂಡು ‘ಸ್ಲೋಲಿ’ಗೆ ನಡುವೆ ಜಾಗ ಕೊಡುತ್ತದೆ. ನಾಮಪದದ ಕಟ್ಟು ಭಾರವಾದಷ್ಟೂ ಅದು ಕೊನೆಗೆ ಜಾರುತ್ತದೆ. ಈ ಕಾಯಿದೆಯನ್ನು ಯಾರೂ ಅಲ್ಲಿನ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ನಾಮಪದದ ಕಟ್ಟು ಎಂದಾಗ ಮಸ್ಕಿಯ ಬಂಡೆಯ ಹತ್ತಿರ ಹೋಗದೆ ಇರಲಾಗದು. ಸಿಂಧನೂರಿನಿಂದ ಲಿಂಗಸುಗೂರಿನ ಹಾದಿ ಹಿಡಿದರೆ ನಡುವೆ ಸಿಗುವ ಊರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲೆಲ್ಲ ಸಿಕ್ಕವನು ‘ದೇವಾನಂಪಿಯ ಪಿಯದಸಿ’ ಎಂಬ ರಾಜ. ಯಾರಿವನು? ಪ್ರಿನ್ಸೆಪ್ ಮೊದಲು ಸಿಂಹಳದ ದೊರೆಯಿರಬೇಕೆಂದುಕೊಂಡ. ಜಾರ್ಜ್ ಟರ್ನರ್ ಎಂಬವನು ಸಿಂಹಳದ ಪಾಲಿ ಗ್ರಂಥದ ಆಧಾರದಿಂದ ಇವನು ಅಶೋಕನೇ ಎಂದ. ಎಲ್ಲರೂ ಒಪ್ಪಿದರೂ ಬಂಡೆಗಳು ಮಾತ್ರ ಆ ಹೆಸರನ್ನು ಹೇಳಿರಲಿಲ್ಲ. 1915ರಲ್ಲಿ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದರ ಮೊದಲಿಗೇ ಇತ್ತು: ‘ದೇವಾನಂಪಿಯಸ ಅಸೋಕಸ’.

ಇತಿಹಾಸದವರಿಗೆ ಇಲ್ಲಿ ಮುಖ್ಯವಾದದ್ದು ಹೆಸರು. ನನಗೆ ಆ ಹೆಸರಿನ ಕೊನೆಯ ‘ಸ’ ದೊಡ್ಡದಾಗಿ ಕಾಣುತ್ತದೆ. ಪ್ರಾಕೃತದಲ್ಲಿ ‘ಸ’ ಎಂದರೆ ನಮ್ಮ ಷಷ್ಠಿಯ ‘ಅ’, ‘ಇನ’. ಬಿರುದಿಗೂ ‘ಸ’, ಹೆಸರಿಗೂ ‘ಸ’. ಎರಡು ನಾಮಪದಗಳು ಅಕ್ಕಪಕ್ಕ ಕೂತು ಒಂದೇ ವಿಭಕ್ತಿ ತೊಟ್ಟಿದ್ದರಿಂದ ಇಬ್ಬರೂ ಒಬ್ಬನೇ ಎಂದು ತಿಳಿಯಿತು. ‘ದೇವಾನಂಪಿಯ ಎಂದರೆ ಅಶೋಕ’ ಎಂದು ಆ ಶಾಸನ ಎಲ್ಲೂ ಬಿಡಿಸಿ ಹೇಳುವುದಿಲ್ಲ. ವ್ಯಾಕರಣವೇ ಹೇಳಿಬಿಡುತ್ತದೆ, ಕೊರೆದವನಿಗೆ ತಾನು ಸಾಕ್ಷಿ ನುಡಿಯುತ್ತಿದ್ದೇನೆಂಬ ಗುಮಾನಿಯೂ ಇಲ್ಲದೆ. ಅಲ್ಲದೆ ಆ ಬಿರುದಿನೊಳಗೇ ಇನ್ನೊಂದು ಕಟ್ಟಿದೆ: ‘ದೇವಾನಂ’, ದೇವರುಗಳ, ‘ಪಿಯ’, ಪ್ರಿಯ. ಕಟ್ಟಿನೊಳಗೊಂದು ಕಟ್ಟು.

ಜೋಳದ ದಂಟನ್ನು ಸೂಡು ಕಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಾಕೃತ ಒಂದೊಂದು ದಂಟಿಗೂ ಬೇರೆ ಬೇರೆ ಗುರುತಿನ ದಾರ ಸುತ್ತುತ್ತದೆ. ದಂಟುಗಳು ಚೆಲ್ಲಾಪಿಲ್ಲಿಯಾದರೂ ದಾರ ನೋಡಿ ಕೂಡಿಸಬಹುದು. ಕನ್ನಡ ಇಡೀ ಸೂಡಿಗೆ ಬುಡದಲ್ಲಿ ಒಂದೇ ಗಂಟು ಹಾಕುತ್ತದೆ: ‘ದೇವರಿಗೆ ಪ್ರಿಯನಾದ ಅಶೋಕನ’. ಆ ಕೊನೆಯ ‘ಅ’ ಒಂದೇ ಸಾಕು, ಹಿಂದಿನ ಯಾವ ಪದಕ್ಕೂ ಷಷ್ಠಿ ಬೇಡ. ‘ಮೊನ್ನೆ ಸುಣ್ಣ ಬಳಿದ ದೊಡ್ಡ ಹಳೇ ಮನೆಯಲ್ಲಿ’ ಎನ್ನುವಾಗ ‘ಅಲ್ಲಿ’ ಬರುವುದು ಒಂದೇ ಸಲ, ಕೊನೆಗೆ. ಇಂಗ್ಲಿಷ್ ಗಂಟು ಹಾಕುವುದು ತುದಿಯಲ್ಲಿ: ‘ಆಫ್’ ಎಂದೋ ‘ಇನ್’ ಎಂದೋ ಮೊದಲು ಹೇಳಿ ಆಮೇಲೆ ದಂಟುಗಳನ್ನು ಪೇರಿಸುತ್ತದೆ. ಕೇಳುವವನಿಗೆ ಅಲ್ಲಿ ಗಂಟು ಮೊದಲೇ ಸಿಗುತ್ತದೆ, ಇಲ್ಲಿ ಕಾಯಬೇಕು. ಕಾಯುವುದರಲ್ಲಿ ನಾವು ಪಳಗಿದವರು. ‘ಸಿಂಧನೂರಿನಿಂದ ಬಂದ ಬಸ್ಸಿನಲ್ಲಿ ಕೂತಿದ್ದ ಮುದುಕಿಯ ಬುಟ್ಟಿ’ ಎಂದಾಗ ಊರು, ಬಸ್ಸು, ಮುದುಕಿ ಎಲ್ಲರನ್ನೂ ದಾಟಿಕೊಂಡು ಬುಟ್ಟಿಗೆ ಬರುತ್ತೇವೆ. ಇಂಗ್ಲಿಷಿನವನು ಬುಟ್ಟಿ ಹಿಡಿದುಕೊಂಡು ಹೊರಟು ಸಿಂಧನೂರು ಮುಟ್ಟುತ್ತಾನೆ.

ಇಷ್ಟು ಹೊತ್ತು ಎಡ, ಬಲ, ಹಿಂದೆ, ಮುಂದೆ ಎಂದೆ. ಪದಗಳು ಕಿವಿಗೆ ಬೀಳುವುದು ಒಂದರ ಹಿಂದೊಂದು ಸಾಲಾಗಿಯೇ. ಮನಸ್ಸು ಕೂಡ ಅವನ್ನು ಸಾಲಾಗಿಯೇ ಇಟ್ಟುಕೊಳ್ಳುತ್ತದೆಯೇ? ಇದನ್ನು ತಿಳಿಯಲು ಕನ್ನಡದ ಮಕ್ಕಳೇ ಬೇಕಾದರು ಎನ್ನುವುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ‘ಅವನು ಎರಡು ಪುಸ್ತಕ ಓದಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥ. ಅವನು ಓದದೆ ಬಿಟ್ಟ ಪುಸ್ತಕ ಎರಡು ಇವೆ ಎಂದೂ ಆಗುತ್ತದೆ, ಓದಿದ್ದು ಎರಡರಷ್ಟಿಲ್ಲ ಎಂದೂ ಆಗುತ್ತದೆ. ಇಂಗ್ಲಿಷಿನಲ್ಲೂ ಈ ಗೊಂದಲ ಇದೆ. ಅಲ್ಲಿನ ನಾಲ್ಕು ವರ್ಷದ ಮಕ್ಕಳು ಎರಡನೆಯ ಅರ್ಥವನ್ನೇ ಹಿಡಿಯುತ್ತಾರೆ. ಅಲ್ಲಿ ‘ನಾಟ್’ ಮೊದಲು ಬರುತ್ತದೆ, ಎರಡು ಆಮೇಲೆ. ಮಕ್ಕಳು ಕಿವಿಗೆ ಬಿದ್ದ ಕ್ರಮವನ್ನೇ ಅನುಸರಿಸಿದರು ಎಂದು ಯಾರಾದರೂ ಹೇಳಬಹುದು. ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಗೆ, ಎರಡು ಅದಕ್ಕೂ ಮೊದಲು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮ್ಯೂಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡದ ನಾಲ್ಕು ವರ್ಷದವರೂ ಅದೇ ಎರಡನೆಯ ಅರ್ಥವನ್ನೇ ಹಿಡಿದರು. ಕ್ರಮ ತಿರುಗಿದರೂ ಅರ್ಥ ತಿರುಗಲಿಲ್ಲ. ‘ಇಲ್ಲ’ ಎಂಬುದು ಮೊದಲು ಬರಲಿ, ಕೊನೆಗೆ ಬರಲಿ, ವಾಕ್ಯದ ಕಟ್ಟಡದಲ್ಲಿ ಅದು ಪುಸ್ತಕಕ್ಕಿಂತ ಮೇಲಿನ ಅಂತಸ್ತಿನಲ್ಲಿದೆ. ಮಕ್ಕಳು ಕಿವಿಯಿಂದ ಸಾಲನ್ನು ಕೇಳಿ ಒಳಗೆ ಅಂತಸ್ತನ್ನು ಕಟ್ಟಿಕೊಂಡಿದ್ದರು.

ಮರುವರ್ಷ ಲಿಡ್ಜ್ ಇನ್ನೊಂದು ಪ್ರಯೋಗ ಪ್ರಕಟಿಸಿದ, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಅವರೊಡನೆ. ಕನ್ನಡದಲ್ಲಿ ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸುವಾಗ ‘ಇಸು’ ಬರುತ್ತದೆ: ಏರು, ಏರಿಸು. ಮೂರು ವರ್ಷದ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು ಸರಿ, ತಪ್ಪು ಎರಡೂ ಬಗೆಯ ವಾಕ್ಯ ಹೇಳಿ ಆಡಿ ತೋರಿಸಿ ಎಂದರು. ‘ಕುದುರೆ ಹಕ್ಕಿಯನ್ನು ಏರುತ್ತೆ’ ಎಂಬಂಥ, ನಾಮಪದ ಎರಡಿದ್ದು ‘ಇಸು’ ಇಲ್ಲದ ಮಾತು. ನಾಮಪದ ಒಂದೇ ಇದ್ದು ‘ಇಸು’ ಇರುವ ಮಾತು. ದೊಡ್ಡವರು ‘ಇಸು’ವನ್ನೂ ಗಮನಿಸುತ್ತಾರೆ. ಮಕ್ಕಳು ಅದರ ಗೋಜಿಗೆ ಹೋಗಲಿಲ್ಲ. ನಾಮಪದ ಎರಡಿದ್ದರೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಏನೋ ಮಾಡಿಸಿದರು. ಒಂದೇ ಇದ್ದರೆ ಅದು ತಾನೇ ತಾನಾಗಿ ಮಾಡಿತು. ಕನ್ನಡ ಇಷ್ಟು ಸ್ಪಷ್ಟವಾದ ಪ್ರತ್ಯಯವನ್ನು ಕೈಗಿತ್ತಿದ್ದರೂ ಮಗು ಮೊದಲು ಎಣಿಸುವುದು ಕ್ರಿಯಾಪದದ ಸುತ್ತ ಎಷ್ಟು ನಾಮಪದಗಳಿವೆ ಎಂದು. ಮೂರು ವರ್ಷದವರಿಗೆ ಹತ್ತರವರೆಗೆ ಎಣಿಕೆ ನೆಟ್ಟಗೆ ಬಂದಿರುವುದಿಲ್ಲ. ನಾಮಪದಗಳ ಲೆಕ್ಕ ಮಾತ್ರ ಬಂದಿರುತ್ತದೆ.

ಭಾಷೆಗಳ ಇಂಥ ಶೋಧದಲ್ಲಿ ಕನ್ನಡದ ಪಾಲು ಇದಕ್ಕೂ ಹಿಂದಿನದು. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಅಚ್ಚಾದ ತನ್ನ ಪ್ರಬಂಧಕ್ಕೆ ಲೋಕದ ಭಾಷೆಗಳಿಂದ 30ನ್ನು ಆರಿಸಿಕೊಂಡ; ದ್ರಾವಿಡ ಬಳಗದಿಂದ ಅವನು ಎತ್ತಿಕೊಂಡದ್ದು ಕನ್ನಡ. ಅವುಗಳನ್ನು ಎದುರುಬದುರು ಇಟ್ಟು 45 ಸಾಮಾನ್ಯ ನಿಯಮಗಳನ್ನು ಬರೆದ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಪಕ್ಕದಲ್ಲಿ’, ‘ಮೇಲೆ’ ಇಂಥವು ನಾಮಪದದ ಹಿಂದೆ ಬರುವುದೇ ಹೆಚ್ಚು ಎಂಬುದು ಅದರಲ್ಲೊಂದು. ಜವಳಗೇರಾದ ಐದೂ ಭಾಷೆಗಳು ಆ ಮಾತಿಗೆ ಬದ್ಧ.

ಗ್ರೀನ್‌ಬರ್ಗನ ಪಟ್ಟಿಯಲ್ಲಿ ನನಗೆ ಪ್ರಿಯವಾದದ್ದು 20ನೆಯದು. ‘ಈ’, ‘ಮೂರು’, ‘ಕೆಂಪು’ ಇವು ನಾಮಪದದ ಮುಂದೆ ಬರುವುದಾದರೆ ಅದೇ ಕ್ರಮದಲ್ಲಿ ಬರುತ್ತವೆ. ಹಿಂದೆ ಬರುವುದಾದರೆ ಅದೇ ಕ್ರಮ, ಇಲ್ಲವೆ ಅದರ ನೇರ ತಿರುವು. ಥಾಯ್ ಭಾಷೆಯವರು ಬಸ್ಸು ಮೊದಲು ಹೇಳಿ, ಆಮೇಲೆ ಕೆಂಪು, ಆಮೇಲೆ ಮೂರು, ಕೊನೆಗೆ ಈ ಎನ್ನುತ್ತಾರೆ. ಅಲ್ಲೂ ಬಸ್ಸಿಗೆ ಹತ್ತಿರದ್ದು ಕೆಂಪು, ದೂರದ್ದು ಈ. ಬಣ್ಣ ಬಸ್ಸಿನ ಮೈಯಲ್ಲೇ ಇದೆ. ಮೂರು ಎಂಬುದು ಬಸ್ಸುಗಳು ಒಟ್ಟಿಗೆ ನಿಂತಾಗ ಹುಟ್ಟಿದ್ದು. ‘ಈ’ ಎಂಬುದು ಬಸ್ಸಿನದ್ದೇ ಅಲ್ಲ, ತೋರಿಸುವ ಬೆರಳಿನದು. ಆಮೇಲೆ ಕೆಲವು ಭಾಷೆಗಳು ಈ ಕಟ್ಟನ್ನು ಸ್ವಲ್ಪ ಸಡಿಲಿಸಿದ್ದುಂಟೆಂದು ತಿಳಿಯಿತು. ನಾಮಪದದ ಮುಂದೆ ಬರುವ ಕ್ರಮ ಮಾತ್ರ ಈಗಲೂ ಬಹಳ ಗಟ್ಟಿ.

ಕೆಂಪು ಬಸ್ಸಿನ ವಿಷಯದಲ್ಲಿ ಇಂಗ್ಲಿಷ್ ನಮಗೆ ಎದುರಾಗುವುದೂ ಇಲ್ಲ. ‘ದೀಸ್ ತ್ರೀ ರೆಡ್ ಬಸಸ್’, ‘ಈ ಮೂರು ಕೆಂಪು ಬಸ್ಸು’, ಹೆಜ್ಜೆಗೆ ಹೆಜ್ಜೆ. ಕನ್ನಡಿ ಅಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದು ಪೂರ್ತಿ ಒಪ್ಪುವಂಥ ಉತ್ತರವನ್ನು ನಾನಂತೂ ಓದಿಲ್ಲ. ಶಾಲೆಯ ಮಕ್ಕಳು ‘ಐ ಟುಮಾರೊ ಮಸ್ಕಿ ಟು ಗೋ’ ಎನ್ನುತ್ತಾರೆ, ಮೇಷ್ಟ್ರು ‘ಗೋ’ವನ್ನು ಎತ್ತಿ ಮುಂದಿಡುತ್ತಾರೆ, ಮಸ್ಕಿಯ ಹಿಂದೆ ‘ಟು’ ಬೇಡ, ಮುಂದೆ ಬೇಕು ಎನ್ನುತ್ತಾರೆ, ‘ಟುಮಾರೊ’ವನ್ನು ಕೊನೆಗೆ ಕಳಿಸುತ್ತಾರೆ. ವರ್ಷಗಟ್ಟಲೆ ಕೆಂಪು ಶಾಯಿ ಅಲ್ಲೇ ಖರ್ಚಾಗುತ್ತದೆ. ‘ರೆಡ್ ತ್ರೀ ದೀಸ್ ಬಸಸ್’ ಎಂದು ಬರೆದ ಹುಡುಗ ಇನ್ನೂ ಯಾವ ಮೇಷ್ಟ್ರ ಕೈಗೂ ಸಿಕ್ಕಿರಲಾರ.